ಪುಸ್ತಕವನ್ನು ಅರ್ಪಿಸುವ ಕ್ರಮ: ನೈವೇದ್ಯದ ತಟ್ಟೆಯಿಂದ ಅರ್ಪಣೆಯ ಪುಟದವರೆಗೆ

ಕನ್ನಡದಲ್ಲಿ ಪುಸ್ತಕ ಅಚ್ಚು ಹಾಕಿಸುವವರು ಮುನ್ನುಡಿಗಾಗಿ ತಿಂಗಳುಗಟ್ಟಲೆ ಕಾಯುತ್ತಾರೆ, ಮುಖಪುಟಕ್ಕಾಗಿ ಕಲಾವಿದರ ಮನೆ ಬಾಗಿಲಿಗೆ ಹೋಗುತ್ತಾರೆ, ಬೆನ್ನುಡಿಯನ್ನು ಹತ್ತು ಜನರಿಗೆ ತೋರಿಸುತ್ತಾರೆ. ಆದರೆ ಅರ್ಪಣೆಯ ಪುಟವನ್ನು ಮಾತ್ರ ಮುದ್ರಣಾಲಯದಿಂದ ಫೋನು ಬಂದ ದಿನ ನೆನಪಿಸಿಕೊಂಡು, ತೋಚಿದ ಎರಡು ಸಾಲನ್ನು ಹೇಳಿ ಮುಗಿಸುತ್ತಾರೆ. ಇಡೀ ಪುಸ್ತಕದಲ್ಲಿ ಲೇಖಕರು ಒಬ್ಬ ವ್ಯಕ್ತಿಯತ್ತ ತಿರುಗಿ ‘ಇದು ನಿಮ್ಮದು’ ಎನ್ನುವ ಸ್ಥಳ ಅದೊಂದೇ. ಆ ಪುಟವನ್ನು ಯೋಚಿಸಿ, ಬರೆದು, ಸರಿಯಾದ ಜಾಗದಲ್ಲಿ ಅಚ್ಚು ಹಾಕಿಸಿ, ಕೊನೆಗೆ ಯಾರಿಗೆ ಅರ್ಪಿಸಿದ್ದೇವೆಯೋ ಅವರ ಕೈಗೆ ಮುಟ್ಟಿಸುವವರೆಗಿನ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಮ್ಮಲ್ಲಿ ಈ ವಾಡಿಕೆ ದೇವರ ಮನೆಯಿಂದಲೇ ಪುಸ್ತಕಕ್ಕೆ ಬಂದಿರುವುದರಿಂದ ಮೊದಲು ಅಲ್ಲಿಂದಲೇ ಆರಂಭಿಸಬೇಕಾಗುತ್ತದೆ.

ಅರ್ಪಣೆಯಲ್ಲಿ ನಡೆಯುವುದೇನು

ನೈವೇದ್ಯದ ಕ್ರಮವನ್ನು ಹತ್ತಿರದಿಂದ ನೋಡಿದರೆ ಅರ್ಪಣೆಯ ನಿಯಮಗಳೆಲ್ಲ ಅಲ್ಲೇ ಸಿಗುತ್ತವೆ. ಅಡುಗೆ ಮಾಡುವವರು ಉಪ್ಪು ಹುಳಿ ಸರಿಯಾಗಿದೆಯೇ ಎಂದು ರುಚಿ ನೋಡುವಂತಿಲ್ಲ. ದೇವರ ಮುಂದೆ ನೆಲವನ್ನು ನೀರಿನಿಂದ ಸಾರಿಸಿ ಚೌಕಾಕಾರದ ಮಂಡಲ ಬರೆದು, ಅದರ ಮೇಲೆ ಪಾತ್ರೆಯಿಟ್ಟು, ಅನ್ನಕ್ಕೆ ತುಪ್ಪ ಹಾಕಿ, ತುಳಸಿ ದಳವಿರಿಸುತ್ತಾರೆ. ನೀರಿನಿಂದ ಸುತ್ತು ಬಳಸಿ, ‘ಪ್ರಾಣಾಯ ಸ್ವಾಹಾ, ಅಪಾನಾಯ ಸ್ವಾಹಾ’ ಎಂದು ಐದು ಆಹುತಿಗಳ ಮಂತ್ರ ಹೇಳುತ್ತಾರೆ. ಆ ಹೊತ್ತಿನಲ್ಲಿ ತೆರೆ ಎಳೆದಿರುತ್ತದೆ, ಅಥವಾ ಬಾಗಿಲು ಮುಚ್ಚಿರುತ್ತದೆ. ತೆರೆ ಸರಿದ ಮೇಲೆ ಹೊರಗೆ ಬರುವ ಅನ್ನ ಅದೇ ಅನ್ನವಾದರೂ ಅದನ್ನು ಬೇಯಿಸಿದವರ ಸ್ವತ್ತಾಗಿ ಉಳಿದಿರುವುದಿಲ್ಲ. ಅದು ಪ್ರಸಾದ, ಬಂದವರಿಗೆಲ್ಲ ಹಂಚಬೇಕಾದದ್ದು.

ಹೋಮದಲ್ಲಿ ಇದೇ ಭಾವ ಇನ್ನೂ ಸ್ಪಷ್ಟ. ‘ಅಗ್ನಯೇ ಸ್ವಾಹಾ’ ಎಂದು ಹವಿಸ್ಸು ಹಾಕಿದ ಮರುಕ್ಷಣವೇ ಯಜಮಾನನು ‘ಅಗ್ನಯೇ ಇದಂ ನ ಮಮ’ ಎನ್ನುತ್ತಾನೆ. ಇದು ಅಗ್ನಿಯದು, ನನ್ನದಲ್ಲ. ಪೂಜೆಯ ಕೊನೆಗೆ ಉದ್ಧರಣೆಯಿಂದ ನೀರು ಬಿಟ್ಟು ‘ಶ್ರೀಕೃಷ್ಣಾರ್ಪಣಮಸ್ತು’ ಎನ್ನುವುದೂ ಇದನ್ನೇ. ಹಳೆಯ ದಾನಶಾಸನಗಳಲ್ಲಿ ‘ಕಾಲಂ ಕರ್ಚಿ ಧಾರಾಪೂರ್ವಕಂ’ ಕೊಟ್ಟರು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ: ಪಡೆಯುವವರ ಕಾಲು ತೊಳೆದು, ಕೈಗೆ ನೀರೆರೆದು ಕೊಟ್ಟ ಮೇಲೆ ಆ ಭೂಮಿ ಕೊಟ್ಟವರ ಕೈತಪ್ಪಿತು. ಶಾಸನದ ಕಲ್ಲಿನ ನೆತ್ತಿಯಲ್ಲಿ ಸೂರ್ಯ ಚಂದ್ರರನ್ನು ಕೆತ್ತುವುದು ಆ ಕೊಡುಗೆ ಅವರಿರುವವರೆಗೆ ನಡೆಯಲಿ ಎಂಬುದಕ್ಕೆ. ಕೊನೆಯಲ್ಲಿ ‘ಸ್ವದತ್ತಾಂ ಪರದತ್ತಾಂ ವಾ’ ಎಂಬ ಶ್ಲೋಕ ಬರೆಸುವುದು ತಾನೇ ಕೊಟ್ಟದ್ದನ್ನಾಗಲಿ ಬೇರೆಯವರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವರು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾರೆ ಎಂದು ಎಚ್ಚರಿಸುವುದಕ್ಕೆ.

ಬಸವಣ್ಣನವರು ಇದನ್ನು ಕ್ರಿಯೆಯಿಂದ ಮನಸ್ಸಿನೊಳಕ್ಕೆ ತಂದರು. ‘ಮಾಡಿದೆನೆಂಬುದು ಮನದಲಿ ಹೊಳೆದರೆ ಏಡಿಸಿ ಕಾಡಿತ್ತು ಶಿವನ ಡಂಗುರ’ ಎಂಬ ವಚನದಲ್ಲಿ ಕೊಟ್ಟ ವಸ್ತುವಿನ ಮಾತೇ ಇಲ್ಲ. ಕೊಟ್ಟೆನೆಂಬ ಎಣಿಕೆ ಉಳಿದಿದ್ದರೆ ಅರ್ಪಣೆ ಪೂರ್ತಿಯಾಗಲಿಲ್ಲ ಎಂಬುದೇ ಅದರ ತಿರುಳು. ಪುಸ್ತಕದ ಅರ್ಪಣೆಗೂ ನಾನು ಇದೇ ಅಳತೆಗೋಲನ್ನು ಹಿಡಿಯುತ್ತೇನೆ. ಅರ್ಪಣೆಯ ಪುಟವನ್ನು ಓದಿದಾಗ ಕಣ್ಣ ಮುಂದೆ ನಿಲ್ಲುವವರು ಪಡೆದವರಾಗಿದ್ದರೆ ಅದು ಸರಿಯಾಗಿದೆ. ಕೊಟ್ಟವರೇ ನಿಂತರೆ ತಿದ್ದಬೇಕು.

ಮೊದಲ ಹಂತ: ಕೊಡುತ್ತಿರುವುದು ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಿ

ತನ್ನದಲ್ಲದ್ದನ್ನು ಅರ್ಪಿಸಲು ಯಾರಿಗೂ ಅಧಿಕಾರವಿಲ್ಲ. ಈ ಮಾತು ಎಷ್ಟು ಗಂಭೀರವೆಂದು ತಿಳಿಯಬೇಕಾದರೆ ನಮ್ಮ ನಾಡಿನಲ್ಲೇ ನಡೆದ ಅನ್ಯಾಯವನ್ನು ನೆನೆಯಬೇಕು. ಬಡ ಕುಟುಂಬಗಳ, ಬಹುಪಾಲು ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವಿಯ ಹೆಸರಿನಲ್ಲಿ ಬಿಡುವುದನ್ನೂ ಸಮರ್ಪಣೆಯೆಂದೇ ಕರೆಯಲಾಯಿತು. ಕರ್ನಾಟಕ ದೇವದಾಸಿಯರ (ಸಮರ್ಪಣಾ ನಿಷೇಧ) ಅಧಿನಿಯಮ 1982ರಲ್ಲಿ ರೂಪುಗೊಂಡು 1984ರಲ್ಲಿ ಜಾರಿಗೆ ಬಂದಿತು; ಆ ಹೆಣ್ಣುಮಗಳು ಒಪ್ಪಿದ್ದಾಳೆಂದು ಹೇಳಿದರೂ ಆ ಸಮರ್ಪಣೆ ಕಾನೂನುಬಾಹಿರವೇ. ಇನ್ನೊಂದು ಜೀವದ ಬದುಕನ್ನು ತಾನು ಕೊಡುತ್ತೇನೆ ಎನ್ನುವುದು ಅರ್ಪಣೆಯಾಗಲು ಸಾಧ್ಯವೇ ಇಲ್ಲ.

ಪುಸ್ತಕದ ವಿಷಯದಲ್ಲಿ ಪ್ರಶ್ನೆ ಇಷ್ಟು ಕಠೋರವಲ್ಲದಿದ್ದರೂ ಕೇಳಿಕೊಳ್ಳಲೇಬೇಕಾದದ್ದು. ಸ್ವಂತ ಕವಿತೆ, ಕಥೆ, ಪ್ರಬಂಧಗಳ ಪುಸ್ತಕವಾದರೆ ತೊಡಕಿಲ್ಲ. ಅನುವಾದವಾದರೆ ಮೂಲ ಲೇಖಕರು ತಮ್ಮ ಕೃತಿಯನ್ನು ಯಾರಿಗೋ ಅರ್ಪಿಸಿರುತ್ತಾರೆ. ಆ ಅರ್ಪಣೆಯನ್ನು ಅನುವಾದಿಸಿ ಹಾಗೆಯೇ ಉಳಿಸಿ, ನಿಮ್ಮದನ್ನು ಬೇರೆ ಪುಟದಲ್ಲಿ ‘ಈ ಕನ್ನಡ ಅನುವಾದ ಇಂಥವರಿಗೆ’ ಎಂದು ಹಾಕಿ. ಸಂಪಾದಿತ ಗ್ರಂಥವಾದರೆ ಒಳಗಿನ ಲೇಖನಗಳು ಬೇರೆಯವರವು, ಆದ್ದರಿಂದ ಲೇಖಕರಿಗೆ ತಿಳಿಸದೆ ಇಡೀ ಗ್ರಂಥವನ್ನು ವಿವಾದಾಸ್ಪದ ವ್ಯಕ್ತಿಯೊಬ್ಬರಿಗೆ ಅರ್ಪಿಸಿದರೆ ಅವರೆಲ್ಲರ ಹೆಸರನ್ನೂ ಆ ವ್ಯಕ್ತಿಯ ಜೊತೆ ಕಟ್ಟಿಹಾಕಿದಂತಾಗುತ್ತದೆ. ಜನಪದ ಗೀತೆಗಳ ಸಂಗ್ರಹದಲ್ಲಿ ನನ್ನ ನಿಲುವು ಖಚಿತ: ಹಾಡಿದವರ ಹೆಸರು, ಊರು ಪುಸ್ತಕದೊಳಗೆ ಪ್ರತಿ ಹಾಡಿನ ಜೊತೆ ಇರಬೇಕು, ಮತ್ತು ಸಂಗ್ರಾಹಕರು ಯಾರಿಗಾದರೂ ಅರ್ಪಿಸುವುದಾದರೆ ಮೊದಲ ಹಕ್ಕು ಆ ಗಾಯಕಿಯರದು.

ಇಲ್ಲೇ ಒಂದು ವ್ಯಾವಹಾರಿಕ ಎಚ್ಚರಿಕೆ. ಪುಸ್ತಕವನ್ನು ಮಠಕ್ಕೋ ದೇವಸ್ಥಾನಕ್ಕೋ ಅರ್ಪಿಸಿದ ಮಾತ್ರಕ್ಕೆ ಅದರ ಹಕ್ಕುಸ್ವಾಮ್ಯ ಅವರಿಗೆ ಹೋಗುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು ಮತ್ತು ಅದಕ್ಕೆ ಹಕ್ಕುದಾರರ ಸಹಿ ಇರಬೇಕು. ಗೌರವಧನವನ್ನು ದೇವರ ಸೇವೆಗೆ ಬಿಡುವ ಮನಸ್ಸಿದ್ದರೆ ಅದನ್ನು ಪ್ರಕಾಶಕರೊಂದಿಗಿನ ಕರಾರಿನಲ್ಲಿ ಬೇರೆಯಾಗಿಯೇ ಬರೆಸಿ. ಲೇಖಕರ ನಂತರವೂ 60 ವರ್ಷ ಹಕ್ಕು ಉಳಿಯುವುದರಿಂದ, ಬಾಯಿಮಾತಿನಲ್ಲಿ ಬಿಟ್ಟದ್ದು ಮುಂದೆ ಮಕ್ಕಳಿಗೂ ಮಠಕ್ಕೂ ನಡುವೆ ವ್ಯಾಜ್ಯವಾಗಬಹುದು.

ಎರಡನೆಯ ಹಂತ: ಯಾರಿಗೆ ಎಂಬುದನ್ನು ನಿರ್ಧರಿಸಿ

ಇದು ಅತ್ಯಂತ ಮುಖ್ಯ ಹಂತ. ಉಳಿದದ್ದೆಲ್ಲ ಇದನ್ನು ಹಿಂಬಾಲಿಸುತ್ತದೆ. ಕನ್ನಡ ಸಾಹಿತ್ಯದಲ್ಲಿ ಇದಕ್ಕೆ ಮೂರು ದೊಡ್ಡ ದಾರಿಗಳಿವೆ.

ಒಂದು, ಆಶ್ರಯ ಕೊಟ್ಟವರಿಗೆ. 10ನೆಯ ಶತಮಾನದ ಪಂಪ ‘ವಿಕ್ರಮಾರ್ಜುನ ವಿಜಯ’ದಲ್ಲಿ ವೇಮುಲವಾಡದ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿ ಹೇಳಿದ, ರನ್ನ ತನ್ನ ‘ಗದಾಯುದ್ಧ’ದಲ್ಲಿ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಾಗಿಸಿದ. ಅಲ್ಲಿ ಅರ್ಪಣೆಗೆ ಬೇರೆ ಪುಟವಿಲ್ಲ, ಕಾವ್ಯದ ನಾಯಕನೊಳಗೇ ಪೋಷಕನಿದ್ದಾನೆ. ಪಂಪನಿಗೆ ಧರ್ಮಪುರವೆಂಬ ಅಗ್ರಹಾರ ದೊರೆಯಿತು. ಆದರೆ ಅದೇ ರನ್ನನ ‘ಅಜಿತಪುರಾಣ’ದಲ್ಲಿ ಬರುವ ಅತ್ತಿಮಬ್ಬೆಯ ಮಾದರಿ ನನ್ನ ಮನಸ್ಸಿಗೆ ಹೆಚ್ಚು ಹತ್ತಿರದ್ದು. ಪೊನ್ನನ ‘ಶಾಂತಿಪುರಾಣ’ ಅಳಿದುಹೋಗಬಾರದೆಂದು ಆಕೆ ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ತಾಳೆಗರಿಯ ಮೇಲೆ ಕಂಟದಿಂದ ಕೊರೆದು ಸಾವಿರ ಪ್ರತಿ ಮಾಡುವುದೆಂದರೆ ಎಷ್ಟು ಜನರ ಬೆನ್ನು ಬಾಗಿರಬೇಕು! ಪ್ರತಿಕಾರರು ಗ್ರಂಥದ ಕೊನೆಯಲ್ಲಿ ಬರೆಯುತ್ತಿದ್ದ ‘ಭಗ್ನಪೃಷ್ಠಕಟಿಗ್ರೀವಃ’ ಎಂಬ ಶ್ಲೋಕ ಆ ಕಷ್ಟವನ್ನೇ ಹೇಳುತ್ತದೆ: ಬೆನ್ನು, ಸೊಂಟ, ಕತ್ತು ಮುರಿದು, ದೃಷ್ಟಿ ನೆಟ್ಟು, ತಲೆ ತಗ್ಗಿಸಿ ಕಷ್ಟದಿಂದ ಬರೆದ ಗ್ರಂಥವಿದು, ಜತನದಿಂದ ಕಾಪಾಡಿ. ಜೈನರಲ್ಲಿ ಶಾಸ್ತ್ರದಾನ ದೊಡ್ಡ ದಾನಗಳಲ್ಲೊಂದು. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳಿಗೇ ಪೂಜೆ ಸಲ್ಲುತ್ತದೆ.

ಎರಡು, ದೇವರಿಗೆ. ಹರಿಹರ ಹೊಯ್ಸಳರ ಆಸ್ಥಾನದ ಲೆಕ್ಕದ ಕೆಲಸ ಬಿಟ್ಟು ಹಂಪಿಗೆ ಬಂದು, ಸಾಯುವ ಮನುಷ್ಯರನ್ನು ಹೊಗಳುವುದಿಲ್ಲವೆಂದು ವಿರೂಪಾಕ್ಷನಿಗೂ ಶಿವಶರಣರಿಗೂ ತನ್ನ ಕಾವ್ಯವನ್ನು ಮೀಸಲಿಟ್ಟನೆಂದು ಪರಂಪರೆ ಹೇಳುತ್ತದೆ. ಕುಮಾರವ್ಯಾಸ ಇನ್ನೂ ಮುಂದೆ ಹೋದ. ‘ವೀರನಾರಾಯಣನೆ ಕವಿ, ಲಿಪಿಕಾರ ಕುವರವ್ಯಾಸ’ ಎಂದಾಗ ಅರ್ಪಿಸಲು ತನ್ನದೆಂಬುದೇ ಉಳಿಯಲಿಲ್ಲ. ಹೇಳಿದವನು ಗದುಗಿನ ದೇವರು, ತಾನು ಬರೆದುಕೊಂಡವನು ಮಾತ್ರ. ‘ಇದಂ ನ ಮಮ’ ಎಂಬ ಮಾತಿಗೆ ಕನ್ನಡ ಕಾವ್ಯದಲ್ಲಿ ಇದಕ್ಕಿಂತ ಪೂರ್ಣವಾದ ರೂಪವನ್ನು ನಾನು ಕಂಡಿಲ್ಲ.

ಮೂರು, ಗುರುವಿಗೆ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ತಮ್ಮ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ, ಕಾವ್ಯದ ಮೊದಲ ಸಂಪುಟ ಹೊರಬಂದದ್ದು 1949ರಲ್ಲಿ. ಹತ್ತು ವರ್ಷದ ಹಿಂದೆ ಅಗಲಿದವರನ್ನು ಎದುರಿಗೆ ಕೂರಿಸಿಕೊಂಡಂತೆ ಆ ಅರ್ಪಣೆ ತೊಡಗುತ್ತದೆ: ‘ಇದೊ ಮುಗಿಸಿ ತಂದಿಹೆನ್ ಈ ಬೃಹದ್ ಗಾನಮಂ ನಿಮ್ಮ ಸಿರಿಯಡಿಗೊಪ್ಪಿಸಲ್ಕೆ, ಓ ಪ್ರಿಯ ಗುರುವೆ.’ ‘ಮುಗಿಸಿ ತಂದಿಹೆನ್’ ಎಂಬಲ್ಲಿ ಒಪ್ಪಿಸಿದ ಪಾಠವನ್ನು ತಂದು ತೋರಿಸುವ ವಿದ್ಯಾರ್ಥಿಯ ದನಿಯಿದೆ. ಹೊಗಳಿಕೆಯ ವಿಶೇಷಣಗಳ ಸಾಲಿಲ್ಲದೆ ಆ ಸಂಬಂಧ ಪೂರ್ತಿ ಕಾಣುತ್ತದೆ.

ನಿಮ್ಮ ನಿರ್ಧಾರಕ್ಕೆ ಬರುವಾಗ ‘ನನ್ನ ಬದುಕಿನಲ್ಲಿ ಯಾರು ದೊಡ್ಡವರು’ ಎಂಬ ಪ್ರಶ್ನೆಗಿಂತ ‘ಈ ಪುಸ್ತಕ ಯಾರಿಲ್ಲದಿದ್ದರೆ ಹುಟ್ಟುತ್ತಿರಲಿಲ್ಲ’ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ. ಮಳೆ ಬೆಳೆಯ ಬಗೆಗಿನ ಪುಸ್ತಕ ನಕ್ಷತ್ರ ಎಣಿಸಿ ಬಿತ್ತನೆ ಹೇಳುತ್ತಿದ್ದ ನೆರೆಮನೆಯ ರೈತರಿಗೆ ಸಲ್ಲಬಹುದು. ತಂದೆ ತಾಯಿಗೆ ಮುಂದಿನ ಪುಸ್ತಕ ಕಾದಿರಲಿ. ಬದುಕಿರುವವರಿಗೆ ಅರ್ಪಿಸುವುದಾದರೆ ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ಪುಸ್ತಕದಲ್ಲಿ ತಮಗೆ ಹಿಡಿಸದ ನಿಲುವಿದ್ದರೆ ಬೇಡವೆನ್ನುವ ಹಕ್ಕು ಅವರಿಗಿದೆ. ಕೆಲವು ಹಿರಿಯರಿಗೆ ಅಚ್ಚಿನಲ್ಲಿ ಹೆಸರು ಬರುವುದೇ ಸಂಕೋಚ. ಪ್ರಶಸ್ತಿ ಸಮಿತಿಯಲ್ಲೋ ಪಠ್ಯ ಆಯ್ಕೆಯಲ್ಲೋ ಗ್ರಂಥಾಲಯ ಖರೀದಿಯಲ್ಲೋ ಕುಳಿತವರಿಗೆ, ಅವರು ಆ ಸ್ಥಾನದಲ್ಲಿರುವಷ್ಟು ಕಾಲ, ಅರ್ಪಿಸದಿರುವುದು ಒಳ್ಳೆಯದು. ನಿಮ್ಮ ಪ್ರೀತಿ ನಿಜವೇ ಆಗಿದ್ದರೂ ಓದುವವರಿಗೆ ಅದು ಬೇರೆ ರೀತಿ ಕಾಣುತ್ತದೆ, ಅವರಿಗೂ ಮುಜುಗರವಾಗುತ್ತದೆ.

ಹೆಸರುಗಳು ಒಂದು ಅಥವಾ ಎರಡಿರಲಿ. ಹತ್ತು ಜನರನ್ನು ನೆನೆಯಬೇಕಾದರೆ ಅದಕ್ಕೆ ಲೇಖಕರ ಮಾತಿನ ಕೊನೆಯ ಕೃತಜ್ಞತೆಗಳಿವೆ.

ಮೂರನೆಯ ಹಂತ: ಸಾಲುಗಳನ್ನು ಬರೆಯಿರಿ

ಅರ್ಪಣೆಯ ವಾಕ್ಯಕ್ಕೆ ಕ್ರಿಯಾಪದವೇ ಬೇಕಿಲ್ಲ. ‘ಅವರಿಗೆ’, ‘ಅವರ ನೆನಪಿಗೆ’, ‘ಅಡಿದಾವರೆಗಳಿಗೆ’ ಎಂಬಲ್ಲಿನ ಚತುರ್ಥಿ ವಿಭಕ್ತಿಯೇ ಕೊಡುವ ಕೆಲಸವನ್ನು ಮಾಡಿಬಿಡುತ್ತದೆ. ‘ಈ ಕೃತಿಯನ್ನು ಭಕ್ತಿಪೂರ್ವಕವಾಗಿ ಸಮರ್ಪಿಸುತ್ತಿದ್ದೇನೆ’ ಎಂಬ ಬಾಲವನ್ನು ಕತ್ತರಿಸಿದರೆ ಮುಕ್ಕಾಲು ಪಾಲು ಅರ್ಪಣೆಗಳು ಒಡನೆಯೇ ಚೆನ್ನಾಗುತ್ತವೆ.

ಸಾಮಾನ್ಯವಾಗಿ ಬರುವ ಕರಡು ಹೀಗಿರುತ್ತದೆ:

ನನ್ನ ಬದುಕಿನ ಪ್ರತಿ ಹೆಜ್ಜೆಯಲ್ಲೂ ಬೆನ್ನೆಲುಬಾಗಿ ನಿಂತು ಪ್ರೋತ್ಸಾಹಿಸಿದ ಪ್ರೀತಿಯ ತಂದೆ ತಾಯಿಯವರಿಗೆ ಈ ಕೃತಿಯನ್ನು ಭಕ್ತಿಪೂರ್ವಕವಾಗಿ ಸಮರ್ಪಿಸುತ್ತಿದ್ದೇನೆ.

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಯಾರು ಬೇಕಾದರೂ ಯಾರಿಗೆ ಬೇಕಾದರೂ ಬರೆಯಬಹುದು. ‘ಬೆನ್ನೆಲುಬು’ ಎಂದು ಬರೆದವರನ್ನು ‘ಅವರು ಏನು ಮಾಡುತ್ತಿದ್ದರು?’ ಎಂದು ಕೇಳಿದರೆ ನಿಜವಾದ ಅರ್ಪಣೆ ಅಲ್ಲಿಂದ ಹೊರಡುತ್ತದೆ:

ಗದ್ದೆಗೆ ನೀರು ಕಟ್ಟಿ ಬಂದು
ರಾತ್ರಿ ನನ್ನ ಪಾಠ ಕೇಳುತ್ತಿದ್ದ ಅಪ್ಪಯ್ಯನಿಗೆ,
ಕೇಳದವಳಂತೆ ಕುಳಿತು
ಎಲ್ಲವನ್ನೂ ಕೇಳಿಸಿಕೊಂಡ ಅವ್ವನಿಗೆ

ಮನೆಯಲ್ಲಿ ಕರೆಯುವ ಮಾತನ್ನೇ ಬಳಸಿ. ಅವ್ವ, ಅಮ್ಮ, ಅಬ್ಬೆ, ಆಯಿ, ಅಪ್ಪ, ಅಪ್ಪಯ್ಯ — ಯಾವುದು ನಿಮ್ಮ ಬಾಯಿಗೆ ಹುಟ್ಟಿದಂದಿನಿಂದ ಬಂದಿದೆಯೋ ಅದು. ತಂದೆಯನ್ನು ‘ಅಣ್ಣ’ ಎಂದು ಕರೆಯುವ ಮನೆಗಳೂ ಇವೆ. ಅಂಥ ಕಡೆ ಓದುಗರಿಗೆ ಗೊಂದಲವಾದೀತೆಂದು ಹಿಂಜರಿಯುವುದಾದರೆ ಕೆಳಗೆ ಹೆಸರು ಹಾಕಿದರೆ ಸಾಕು.

ಅಗಲಿದವರ ಹೆಸರಿನ ಹಿಂದೆ ಹಾಕುವ ಪದದಲ್ಲಿ ಎಚ್ಚರವಿರಲಿ, ಏಕೆಂದರೆ ಅದು ಅವರ ಶ್ರದ್ಧೆಗೆ ಸಂಬಂಧಿಸಿದ್ದು. ‘ದಿವಂಗತ’ ಅಥವಾ ‘ಕೀರ್ತಿಶೇಷ’ ಎಲ್ಲರಿಗೂ ಸಲ್ಲುತ್ತದೆ. ಲಿಂಗಾಯತರಲ್ಲಿ ‘ಲಿಂಗೈಕ್ಯ’ ಎನ್ನುತ್ತಾರೆ, ಅಚ್ಚಿನಲ್ಲಿ ‘ಲಿಂ.’ ಎಂದು ಹಾಕುವುದುಂಟು. ಉತ್ತರ ಕರ್ನಾಟಕದಲ್ಲಿ ‘ಕೈ.’, ‘ವೈ.’ ಎಂಬ ಸಂಕ್ಷೇಪಗಳು ಕೈಲಾಸವಾಸಿ, ವೈಕುಂಠವಾಸಿ ಎಂಬುದಕ್ಕೆ ನಿಲ್ಲುತ್ತವೆ. ಸ್ಮಾರ್ತ ಯತಿಗಳಿಗೆ ‘ಬ್ರಹ್ಮೀಭೂತ’, ಮುಸ್ಲಿಮರಿಗೆ ‘ಮರ್ಹೂಮ್’ ಎಂಬುದು ವಾಡಿಕೆ. ವೈಷ್ಣವರೊಬ್ಬರ ಹೆಸರಿಗೆ ‘ಕೈಲಾಸವಾಸಿ’ ಎಂದು ಅಚ್ಚಾದರೆ ಮನೆಯವರಿಗೆ ನೋವಾಗುವುದು ಸಹಜ. ಆದ್ದರಿಂದ ಅವರ ಕುಟುಂಬಕ್ಕೆ ಕರಡನ್ನು ಒಮ್ಮೆ ತೋರಿಸಿ, ಜೊತೆಗೆ ಹೆಸರಿನ ಕಾಗುಣಿತವನ್ನೂ ಇನಿಷಿಯಲ್‌ಗಳನ್ನೂ ಕೇಳಿ ತಿಳಿಯಿರಿ. ಹೆಸರೇ ತಪ್ಪಾದ ಅರ್ಪಣೆ ಅವರಿಗೆ ಮುಟ್ಟುವುದೇ ಇಲ್ಲ.

ಪದವಿ, ಬಿರುದು, ಪ್ರಶಸ್ತಿಗಳ ಪಟ್ಟಿಯನ್ನು ಇಲ್ಲಿ ಕೊಡಬೇಡಿ. ನಾಲ್ಕು ಸಾಲು ಸಾಕು. ಆರು ದಾಟಿದರೆ ಅದು ಪತ್ರವಾಗುತ್ತದೆ. ಕುವೆಂಪು ಅವರಂತೆ ಅರ್ಪಣೆಯನ್ನೇ ಒಂದು ಕವಿತೆಯಾಗಿ ಬರೆಯುವುದು ಸಾಧ್ಯ, ಆದರೆ ಆಗ ಅದು ಪುಸ್ತಕದ ಉಳಿದ ಕವಿತೆಗಳಷ್ಟೇ ಗಟ್ಟಿಯಾಗಿರಬೇಕಾಗುತ್ತದೆ.

ಕವಿತೆಯೊಳಗೇ ಅರ್ಪಿಸುವವರಿಗೆ: ಅಂಕಿತ

ಭಕ್ತಿಗೀತೆ, ವಚನ, ಕೀರ್ತನೆ ಬರೆಯುವವರಿಗೆ ನಮ್ಮಲ್ಲಿ ಇನ್ನೊಂದು ಕ್ರಮವಿದೆ. ಬಸವಣ್ಣನ ‘ಕೂಡಲಸಂಗಮದೇವ’, ಅಲ್ಲಮನ ‘ಗುಹೇಶ್ವರ’, ಅಕ್ಕನ ‘ಚೆನ್ನಮಲ್ಲಿಕಾರ್ಜುನ’, ಕನಕದಾಸರ ‘ಕಾಗಿನೆಲೆಯಾದಿಕೇಶವ’, ಹೆಳವನಕಟ್ಟೆ ಗಿರಿಯಮ್ಮನ ‘ಹೆಳವನಕಟ್ಟೆ ರಂಗ’: ಇವೆಲ್ಲ ಒಂದೊಂದು ರಚನೆಯ ಕೊನೆಯಲ್ಲೂ ಅದು ಯಾರಿಗೆ ಸಲ್ಲುತ್ತದೆಂದು ಹೇಳುವ ಮುದ್ರೆಗಳು, ಅಂದರೆ ಅಂಕಿತಗಳು. ಬರೆದವರ ಗುರುತು ಸಿಗುವುದೂ ಅದರಿಂದಲೇ, ಆದರೆ ಅಲ್ಲಿ ನಿಂತಿರುವ ಹೆಸರು ಅವರದಲ್ಲ. ಹರಿದಾಸ ಪರಂಪರೆಯಲ್ಲಿ ಅಂಕಿತವನ್ನು ಗುರುವೇ ಕೊಡುವುದು ಪದ್ಧತಿ. ಜಗನ್ನಾಥದಾಸರಿಗೆ ‘ಜಗನ್ನಾಥವಿಠಲ’ ಎಂಬ ಅಂಕಿತ ಗುರು ಗೋಪಾಲದಾಸರ ಮೂಲಕ ಬಂತೆಂದು ಪರಂಪರೆ ಹೇಳುತ್ತದೆ.

ನೀವು ಇಂಥ ರಚನೆಗಳನ್ನು ಮಾಡುತ್ತಿದ್ದರೆ, ಪರಂಪರೆಯೊಳಗಿದ್ದವರು ಗುರುವನ್ನು ಕೇಳಿ ಅಂಕಿತ ಪಡೆಯಿರಿ. ಹೊರಗಿದ್ದವರು ತಮ್ಮ ಮನೆದೇವರ ಅಥವಾ ಊರ ದೇವರ ಹೆಸರನ್ನು ಊರಿನೊಂದಿಗೆ ಸೇರಿಸಿಕೊಳ್ಳಬಹುದು. ಅದು ಈಗಾಗಲೇ ಇನ್ನೊಬ್ಬರ ಅಂಕಿತವಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ಮುಂದೆ ಸಂಪಾದಕರಿಗೆ ಯಾರ ರಚನೆ ಯಾವುದೆಂದು ತಿಳಿಯದೆ ಹೋಗುತ್ತದೆ. ಹಾಗೆಯೇ ಬೇರೆಯವರ ಅಂಕಿತವನ್ನು ಬದಲಿಸುವ ಅಧಿಕಾರ ಯಾರಿಗೂ ಇಲ್ಲ. ಬಸವಣ್ಣನವರ ವಚನಗಳಲ್ಲಿ ‘ಕೂಡಲಸಂಗಮದೇವ’ ಎಂಬುದರ ಜಾಗದಲ್ಲಿ ‘ಲಿಂಗದೇವ’ ಎಂದು ಹಾಕಿದ್ದ ಸಂಕಲನವನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, ಸುಪ್ರೀಂ ಕೋರ್ಟ್ 2017ರಲ್ಲಿ ಆ ಆದೇಶವನ್ನು ಎತ್ತಿಹಿಡಿಯಿತು. ಪುಸ್ತಕವೊಂದನ್ನು ಮುಟ್ಟುಗೋಲು ಹಾಕುವುದು ಸರಿಯೇ ಎಂಬುದು ಬೇರೆ ಚರ್ಚೆ. ಎಂಟು ಶತಮಾನಕ್ಕೂ ಹಳೆಯದಾದ ಅರ್ಪಣೆಯೊಂದರ ಹೆಸರು ಜನರಿಗೆ ಎಷ್ಟು ಮುಖ್ಯವೆಂಬುದನ್ನು ಅದು ತೋರಿಸಿತು.

ನಾಲ್ಕನೆಯ ಹಂತ: ಪುಟದಲ್ಲಿ ಜಾಗ

ಅರ್ಪಣೆ ಬರಬೇಕಾದದ್ದು ಶೀರ್ಷಿಕೆಯ ಪುಟ, ಅದರ ಬೆನ್ನಿನಲ್ಲಿರುವ ಪ್ರಕಾಶನದ ವಿವರಗಳ ಪುಟ ಇವೆರಡರ ನಂತರ, ಮುನ್ನುಡಿಗಿಂತ ಮೊದಲು, ಬಲಗಡೆಯ ಪುಟದಲ್ಲಿ. ಅದರ ಬೆನ್ನಿನ ಪುಟ ಖಾಲಿಯಿರಲಿ. ಪುಸ್ತಕಗಳು ಹದಿನಾರು ಪುಟಗಳ ಫಾರಂ ಲೆಕ್ಕದಲ್ಲಿ ಅಚ್ಚಾಗುವುದರಿಂದ ಕೊನೆಯಲ್ಲಿ ಪುಟ ಹೆಚ್ಚಾದಾಗ ಮೊದಲು ಕತ್ತರಿ ಬೀಳುವುದು ಇಂಥ ಖಾಲಿ ಪುಟಗಳಿಗೆ, ಆಗ ಅರ್ಪಣೆ ಬೆಲೆ, ವಿಳಾಸ, ಮುದ್ರಕರ ಹೆಸರುಗಳ ನಡುವೆ ಹೋಗಿ ಸೇರುತ್ತದೆ. ಪುಟವಿನ್ಯಾಸ ಆರಂಭವಾಗುವ ಮೊದಲೇ ಎರಡು ಪುಟ ಮೀಸಲಿಡಲು ಹೇಳಿದರೆ ಈ ತೊಂದರೆ ಬರುವುದಿಲ್ಲ.

ಪುಸ್ತಕದ ಒಳಪುಟಗಳ ಅಕ್ಷರವಿನ್ಯಾಸವೇ ಇಲ್ಲೂ ಇರಲಿ. ಹೂಬಳ್ಳಿ, ಚೌಕಟ್ಟು, ದೀಪದ ಚಿತ್ರ ಬೇಡ. ಸಾಲುಗಳನ್ನು ಪುಟದ ನಡುವಿಗಿಂತ ಸ್ವಲ್ಪ ಮೇಲಕ್ಕೆ ಇರಿಸಿದರೆ ಕಣ್ಣಿಗೆ ಹಿತ. ‘ಅರ್ಪಣೆ’ ಎಂಬ ತಲೆಬರಹವೂ ಅನಿವಾರ್ಯವಲ್ಲ. ಯೂನಿಕೋಡ್‌ನಲ್ಲಿ ಬರೆದದ್ದನ್ನು ‘ನುಡಿ’ ತಂತ್ರಾಂಶದ ಅಥವಾ ಬೇರೆ ಅಕ್ಷರವಿನ್ಯಾಸಕ್ಕೆ ಪರಿವರ್ತಿಸುವಾಗ ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಜಾಗ ಬದಲಿಸುವುದುಂಟು. ‘ಶರ್ಮ’, ‘ಮೂರ್ತಿ’, ‘ಕೃಷ್ಣ’ ಇಂಥ ಹೆಸರುಗಳಿದ್ದರೆ ಅಚ್ಚಿಗೆ ಹೋಗುವ ಕೊನೆಯ ಪಿಡಿಎಫ್‌ನಲ್ಲೇ ಆ ಪುಟವನ್ನು ಕಾಗದದ ಮೇಲೆ ತೆಗೆದು ಅಕ್ಷರ ಅಕ್ಷರವಾಗಿ ಓದಿ ನೋಡಿ.

ಐದನೆಯ ಹಂತ: ಕೈಗೆ ಮುಟ್ಟಿಸುವುದು

ಪುಟದಲ್ಲಿ ಅಚ್ಚಾದ ಮಾತ್ರಕ್ಕೆ ಅರ್ಪಣೆ ಮುಗಿಯಲಿಲ್ಲ. ಕಟ್ಟು ಬಿಚ್ಚಿದ ಮೊದಲ ಪ್ರತಿ ಅರ್ಪಿತರದು. ನೈವೇದ್ಯಕ್ಕೆ ಮೊದಲು ರುಚಿ ನೋಡಬಾರದೆಂಬ ನಿಯಮ ಇಲ್ಲೂ ಸಲ್ಲುತ್ತದೆ. ಬಿಡುಗಡೆ ಸಮಾರಂಭಕ್ಕೆ, ಪತ್ರಿಕೆಗಳಿಗೆ, ಗೆಳೆಯರಿಗೆ ಪ್ರತಿ ಹೋಗುವ ಮೊದಲೇ ಅವರ ಮನೆಗೆ ಹೋಗಿ. ತಟ್ಟೆಯಲ್ಲಿ ವೀಳ್ಯ, ಹಣ್ಣು, ಪುಸ್ತಕವಿಟ್ಟು ಕೊಟ್ಟು ನಮಸ್ಕರಿಸುವುದು ಹಳೆಯ ಪದ್ಧತಿ; ಅದು ನಿಮ್ಮ ಮನೆತನದ ರೂಢಿಯಲ್ಲದಿದ್ದರೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟರೆ ಸಾಕು. ಅವರೆದುರು ಅರ್ಪಣೆಯ ಪುಟವನ್ನು ನೀವೇ ತೆಗೆದು ತೋರಿಸಬೇಡಿ, ಅವರೇ ಪುಟ ತಿರುವಿ ಕಾಣಲಿ. ಕಣ್ಣು ಮಂಜಾದವರಿಗೆ, ಓದು ಬಾರದವರಿಗೆ ಮಾತ್ರ ಮೆಲ್ಲಗೆ ಓದಿ ಹೇಳಿ, ಸಾಧ್ಯವಾದರೆ ಪುಸ್ತಕದ ಒಂದೆರಡು ಪುಟವನ್ನೂ ಓದಿ.

ತೀರಿಕೊಂಡವರ ಪ್ರತಿ ಅವರ ಮನೆಗೆ ಸಲ್ಲಬೇಕು. ಅವರ ಶಾಲೆ, ಊರಿನ ಗ್ರಂಥಾಲಯ ಇದ್ದರೆ ಅಲ್ಲಿಗೂ ಒಂದು ಕೊಡಿ.

ದೇವರಿಗೆ ಅರ್ಪಿಸಿದ ಪುಸ್ತಕವನ್ನು ಸನ್ನಿಧಿಯಲ್ಲಿಟ್ಟು ತರಬೇಕೆಂದರೆ ದೇವಸ್ಥಾನದ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಅರ್ಚನೆಗೆ ರಸೀದಿ ಮಾಡಿಸಿ, ಅರ್ಚಕರಿಗೆ ಪುಸ್ತಕ ಒಪ್ಪಿಸಿ. ಕುಂಕುಮ, ಗಂಧ ರಕ್ಷಾಪುಟದ ಮೇಲೆ ಕಲೆ ಮಾಡುತ್ತವೆ. ಬಿಳಿಯ ಹಾಳೆಯಲ್ಲಿ ಸುತ್ತಿ ಕೊಟ್ಟರೆ ಒಳ್ಳೆಯದು. ನವರಾತ್ರಿಯ ಸರಸ್ವತಿ ಪೂಜೆಯಲ್ಲಿ ಪುಸ್ತಕವಿಟ್ಟು, ಆ ದಿನಗಳಲ್ಲಿ ಓದದೆ, ವಿಜಯದಶಮಿಯಂದು ತೆಗೆ‌ದು ಮೊದಲ ಪುಟ ಓದುವ ಮನೆಗಳಿಗೆ ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ.

ಪುಸ್ತಕದ ಬದಲು ವಸ್ತುವನ್ನೇ ದೇವಸ್ಥಾನಕ್ಕೆ ಕೊಡುವವರಿಗೂ ಎರಡು ಮಾತು. ಏನು ಬೇಕೆಂದು ಮೊದಲು ಕೇಳಿ. ಹತ್ತು ಗಂಟೆಗಳು ತೂಗುತ್ತಿರುವಲ್ಲಿ ಹನ್ನೊಂದನೆಯದಕ್ಕಿಂತ ಅನ್ನಸಂತರ್ಪಣೆಗೆ ಅಕ್ಕಿ ಬೇಕಿರಬಹುದು. ಹಿರಿಯರ ನೆನಪಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಶಾಶ್ವತ ಪೂಜೆಗೆ ಹಣ ಕಟ್ಟುವುದಾದರೆ ತಿಥಿ, ಗೋತ್ರ, ನಕ್ಷತ್ರ, ಹೆಸರನ್ನು ಬರೆದು ಕೊಟ್ಟು ರಸೀದಿಯನ್ನು ಮಕ್ಕಳಿಗೂ ಸಿಗುವಲ್ಲಿಡಿ. ಹೆಸರು ಕೆತ್ತಿಸಲೇಬೇಕೆಂದಿದ್ದರೆ ‘ಇಂಥವರ ಸೇವಾರ್ಥ’ ಎಂಬಷ್ಟು ಸಾಕು, ಅದೂ ದೇವರಿಗೆ ಬೆನ್ನು ಮಾಡದೆ ಓದಬಹುದಾದ ಜಾಗದಲ್ಲಿ. ಹುಂಡಿಗೆ ಹಾಕುವ ಗುಪ್ತದಾನಕ್ಕೆ ಇದಾವುದೂ ಬೇಡ.

ಇನ್ನು ಲೋಕಾರ್ಪಣೆ. ಬಣ್ಣದ ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟಿದ ಪುಸ್ತಕವನ್ನು ಅತಿಥಿಗಳು ಬಿಚ್ಚಿ ಸಭೆಗೆ ತೋರಿಸುವುದು ಓದುಗರಿಗೆ ಒಪ್ಪಿಸುವ ಕ್ರಿಯೆ. ಅರ್ಪಿತರ ಹೆಸರನ್ನು ವೇದಿಕೆಯಲ್ಲಿ ಮತ್ತೆ ಮತ್ತೆ ಕೂಗಬೇಕಾಗಿಲ್ಲ. ಅವರು ಸಭೆಯಲ್ಲಿದ್ದರೆ, ಹಿರಿಯರಾಗಿದ್ದರೆ, ಮೆಟ್ಟಿಲು ಹತ್ತಿಸದೆ ನೀವೇ ಇಳಿದು ಹೋಗಿ. ಸಹಿ ಕೇಳಿದವರಿಗೆ ಶೀರ್ಷಿಕೆಯ ಪುಟದಲ್ಲಿ ‘ಆದರದಿಂದ’ ಅಥವಾ ‘ಪ್ರೀತಿಯಿಂದ’ ಎಂದು ಬರೆದು, ದಿನಾಂಕ, ಊರು ಹಾಕಿ. ಅರ್ಪಣೆಯ ಪುಟದಲ್ಲಿ ಮಾತ್ರ ಯಾರಿಗೂ ಸಹಿ ಮಾಡಬೇಡಿ, ಆ ಪುಟವನ್ನು ಆಗಲೇ ಒಬ್ಬರಿಗೆ ಕೊಟ್ಟಾಗಿದೆ.

ಅತ್ತಿಮಬ್ಬೆ ಮಾಡಿದ್ದರ ಒಂದು ಸಣ್ಣ ಪಾಲನ್ನು ಇಂದು ಕಾನೂನೇ ಕಡ್ಡಾಯ ಮಾಡಿದೆ. 1954ರ ಪುಸ್ತಕ ವಿತರಣಾ ಕಾಯ್ದೆಯ ಪ್ರಕಾರ ಪ್ರಕಾಶಕರು ಪುಸ್ತಕ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ತಮ್ಮ ಖರ್ಚಿನಲ್ಲಿ ಒಂದೊಂದು ಪ್ರತಿ ಕಳಿಸಬೇಕು. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವ ಲೇಖಕರು ಇದನ್ನು ಹೆಚ್ಚಾಗಿ ಮರೆಯುತ್ತಾರೆ. ನೀವು ಅರ್ಪಿಸಿದವರ ಹೆಸರು ನಿಮ್ಮ ಮನೆಯ ಕಪಾಟಿಗಿಂತ ಹೆಚ್ಚು ಕಾಲ ಉಳಿಯುವುದು ಆ ನಾಲ್ಕು ಕಡೆ.

ಮರುಮುದ್ರಣ ಬಂದಾಗ

ಮೊದಲ ಮುದ್ರಣದ ಅರ್ಪಣೆ ಎಲ್ಲ ಮುದ್ರಣಗಳಲ್ಲೂ ಮುಂದುವರಿಯಬೇಕು. ಬದುಕಿದ್ದವರು ಈ ನಡುವೆ ತೀರಿಕೊಂಡಿದ್ದರೆ ಮೂಲದ ಸಾಲುಗಳನ್ನು ತಿದ್ದದೆ, ಲೇಖಕರ ಮಾತಿನಲ್ಲಿ ಅದನ್ನು ತಿಳಿಸಿ. ಅವರೊಡನೆ ಮನಸ್ತಾಪವಾಗಿದ್ದರೂ ಹೆಸರು ತೆಗೆಯಬೇಡಿ. ಧಾರೆ ಎರೆದು ಕೊಟ್ಟ ಭೂಮಿಯ ನಿಯಮವೇ ಇದಕ್ಕೂ ಸಲ್ಲುತ್ತದೆ. ಪುಸ್ತಕವನ್ನು ಪೂರ್ತಿ ಹೊಸದಾಗಿ ಬರೆದು ವಿಸ್ತರಿಸಿದಾಗ ಹೊಸ ಅರ್ಪಣೆಯನ್ನು ಸೇರಿಸಬಹುದು, ಹಳೆಯದನ್ನು ‘ಮೊದಲ ಮುದ್ರಣದ ಅರ್ಪಣೆ’ ಎಂದು ವರ್ಷಸಹಿತ ಉಳಿಸಿಕೊಂಡು. ಲೇಖಕರ ನಂತರ ಮಕ್ಕಳು ಮರುಮುದ್ರಣ ಮಾಡಿಸುವಾಗ ತಂದೆ ತಾಯಿಯ ನೆನಪಿನ ಸಾಲುಗಳನ್ನು ಬರೆಯಲು ಬಯಸುವುದು ನ್ಯಾಯವೇ. ಅದಕ್ಕೆ ಪ್ರಕಾಶಕರ ಮಾತು ಇದೆ, ಅಲ್ಲಿ ತಮ್ಮ ಹೆಸರು ಮತ್ತು ವರ್ಷ ಹಾಕಿ ಬರೆಯಲಿ, ಲೇಖಕರು ಯಾರಿಗೆ ಕೊಟ್ಟಿದ್ದರೋ ಆ ಪುಟ ಅವರಿಗೇ ಇರಲಿ.